ಹೊಗೆಯಿಲ್ಲದ ಒಲೆಯ ಶೇಖವ್ವ ಅಕ್ಕೋರು

ಶೇಖವ್ವ ಅಕ್ಕೋರು ಯಾರ ಮನೆಗೆ ಹೋದರೂ ಪಡಸಾಲೆಯಲ್ಲಿ ಕೂಡುತ್ತಿರಲಿಲ್ಲ. ಹಾಸಿದ ಜಮಖಾನೆಯನ್ನು ದಾಟಿ, ಉಪಚಾರದ ಮಾತುಗಳನ್ನು ಕಿವಿಗೆ ಹಾಕಿಕೊಳ್ಳದೆ, ನೇರವಾಗಿ ಅಡಿಗೆಮನೆಗೆ ನಡೆದು, ತಲೆ ಎತ್ತಿ ಜಂತಿಯನ್ನೂ ತಲೆ ತಗ್ಗಿಸಿ ಒಲೆಯನ್ನೂ ನೋಡಿ, ಕೊನೆಗೆ ಮನೆಯೊಡತಿಯ ಕಣ್ಣುಗಳನ್ನು ನೋಡುತ್ತಿದ್ದರು. ಆ ಕಣ್ಣು ಕೆಂಪಾಗಿದ್ದರೆ ಅಕ್ಕೋರ ಮುಖವೂ ಕೆಂಪಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ಅವರು ಹಾನಗಲ್ಲಿನ ನಮ್ಮ ಜೂನಿಯರ್ ಕಾಲೇಜಿಗೆ ಗೃಹವಿಜ್ಞಾನ ಕಲಿಸಲು ಬಂದರು. ನಾನು ಅಲ್ಲಿ ಕನ್ನಡದ ಮಾಸ್ತರ. ಅಕ್ಕೋರು ಯಲವಿಗಿ ಕಡೆಯ ಒಕ್ಕಲು ಮನೆತನದ ಮಗಳು, ಧಾರವಾಡದಲ್ಲಿ ಪದವಿ ಪಡೆದವರು. ಪ್ರಯೋಗಶಾಲೆಯ ಬಿಳಿ ಕೋಟನ್ನು ಸೀರೆಯ ಮೇಲೆ ತೊಟ್ಟೇ ಪೇಟೆಗೂ ಹೋಗುತ್ತಿದ್ದರು. ನರ್ಸಮ್ಮನೆಂದು ತಿಳಿದು ಸಂತೆಯಲ್ಲಿ ಮಕ್ಕಳ ನಾಲಿಗೆ ತೋರಿಸಿದವರಿಗೆ ಲೆಕ್ಕವಿಲ್ಲ. ಅಕ್ಕೋರು ನಾಲಿಗೆಯನ್ನು ನೋಡಿಯೇ ಬಿಡುತ್ತಿದ್ದರು, ನೋಡಿ, "ಔಷಧ ದವಾಖಾನ್ಯಾಗ ಕೊಡ್ತಾರ. ಮನ್ಯಾಗ ಏನು ತಿನಸ್ತೀರಿ, ಅದನ್ನಷ್ಟ ನನಗ ಹೇಳ್ರಿ" ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವು ಗಂಡಸರು ಅವರ ವಿಷಯಕ್ಕೆ ಉಪ್ಪಿಟ್ಟುಶಾಸ್ತ್ರವೆಂದು ಹೆಸರಿಟ್ಟಿದ್ದೆವು. ಅಕ್ಕೋರು ಪ್ರಾಯೋಗಿಕ ತರಗತಿಯಲ್ಲಿ ಮಾಡಿದ ತಿಂಡಿಯ ತಟ್ಟೆಯನ್ನು ನಮ್ಮೆದುರು ಇಟ್ಟು, "ಮೊದಲ ತಿನ್ರಿ ಮಾಸ್ತರ, ಆಮ್ಯಾಲೆ ನಗ್ರಿ" ಎನ್ನುವರು. ನಾವು ನಾಚಿಕೆಯಿಲ್ಲದೆ ಎರಡನ್ನೂ ಮಾಡುತ್ತಿದ್ದೆವು.

ನಗುವವರು ನಾವಷ್ಟೇ ಆಗಿರಲಿಲ್ಲ. ಅಕ್ಕಿಆಲೂರಿನ ಹತ್ತಿರದ ಹಳ್ಳಿಯ ರೈತ ಹೂವಪ್ಪನ ಮಗಳು ಮಂಜವ್ವ ಅಕ್ಕೋರ ವಿದ್ಯಾರ್ಥಿನಿ. ಅವಳನ್ನು ಧಾರವಾಡದ ಗೃಹವಿಜ್ಞಾನ ಕಾಲೇಜಿಗೆ ಸೇರಿಸಲೇಬೇಕೆಂಬುದು ಅಕ್ಕೋರ ಹಠ.

"ಅಡಿಗಿ ಕಲಿಯಾಕ ಧಾರವಾಡ ಯಾಕ ಬೇಕ್ರಿ? ಅವ್ವನ ಬಾಜೂಕ ಕುಂತ್ರ ಬರ್ತತಿ" ಎಂದ ಹೂವಪ್ಪ.

ಅಕ್ಕೋರು ವಾದಿಸಲಿಲ್ಲ. ಕೋಟಿನ ತೋಳು ಮಡಿಸಿ, ಮಂಜವ್ವನ ಕೈಯಿಂದ ಮಣ್ಣು ಕಲಸಿಸಿ, ಕೊಳವೆಯ ಮೂಲಕ ಹೊಗೆ ಹೊರಗೆ ಹೋಗುವ ಒಲೆಯೊಂದನ್ನು ಅವನ ಮನೆಯಲ್ಲೇ ಕಟ್ಟಿದರು. ದೀಪಾವಳಿಯ ಹೊತ್ತಿಗೆ ಅವನ ಹೆಂಡತಿ ಭರಮವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನೇ ಮರೆತಿದ್ದಳು. ಹೂವಪ್ಪ ಸೋತು, ಮಗಳು ಪಾಸಾದರೆ ಕಳಿಸುವುದಾಗಿ ಮಾತು ಕೊಟ್ಟ. ಸುತ್ತಲಿನ ಮನೆಗಳಲ್ಲೂ ಅಂಥ ಒಲೆಗಳೆದ್ದವು.

ಮಂಜವ್ವ ಪಾಸಾದಳು. ಅದೇ ವಾರ ಹದವಾದ ಮಳೆ ಬಿತ್ತು. ಒಲೆಯ ಮೇಲಿನ ಜಂತಿಗೆ ಕಟ್ಟಿದ್ದ ಬೀಜದ ಜೋಳದ ತೆನೆಗಳನ್ನು ಹೂವಪ್ಪ ಇಳಿಸಿ ಝಾಡಿಸಿದ್ದೇ ತಡ, ಬರೀ ಹಿಟ್ಟು ಉದುರಿತು. ಕಾಳನ್ನೆಲ್ಲ ನುಸಿ ತಿಂದಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಬೀಜ ಕಟ್ಟುವ ಜಾಗ ಅದೇ. ಕಣ್ಣು ಸುಡುವ ಹೊಗೆಯೇ ನುಸಿಯನ್ನು ದೂರವಿಟ್ಟಿತ್ತೆಂಬುದು ಒಲೆ ಕಟ್ಟಿದವರಿಗೂ ಹೊಳೆದಿರಲಿಲ್ಲ, ಕಟ್ಟಿಸಿಕೊಂಡವರಿಗೂ ಹೊಳೆದಿರಲಿಲ್ಲ. ಹೂವಪ್ಪ ಕಾಲೇಜಿಗೇ ಬಂದು ನಮ್ಮೆಲ್ಲರ ಎದುರು ತೆನೆಗಳನ್ನು ಒಗೆದ.

"ನಿಮ್ಮ ವಿದ್ಯಾ ನನ್ನ ಬೀಜಾ ತಿಂತ್ರಿ. ಮಗಳನ್ನ ಕಳಸಂಗಿಲ್ಲ. ಆ ಒಲೀನೂ ಒಡೀತೇನಿ."

ಅಕ್ಕೋರು ಒಂದು ತೆನೆಯನ್ನೆತ್ತಿ ಅಂಗೈಯಲ್ಲಿ ಉಜ್ಜಿ ನೋಡಿದರು. "ಖರೇ ಐತ್ರಿ. ತಪ್ಪು ನಂದು. ನಮ್ಮ ತವರಿನ್ಯಾಗ ಬೀಜಾ ಬೂದ್ಯಾಗ ಇಡ್ತಾರ. ನಿಮ್ಮ ಜಂತಿ ನೋಡೀನೂ ನನಗ ತಿಳೀಲಿಲ್ಲ" ಎಂದರು.

ಆಮೇಲೆ ಅವರು ಮಾಡಿದ್ದು ನನ್ನಂಥವನಿಂದ ಆಗುವ ಕೆಲಸವಲ್ಲ. ಒಲೆ ಕಟ್ಟಿದ ಮನೆಮನೆಗೂ ಆ ಮಳೆಯಲ್ಲೇ ಹೋಗಿ, ಇನ್ನೂ ಬೀಜ ಇಳಿಸದವರಿಗೂ ತಾವಾಗಿ ಹೇಳಿದರು: "ಇಳಿಸಿ ನೋಡ್ರಿ. ಕೆಟ್ಟಿದ್ರ ನನ್ನಿಂದ ಕೆಟ್ಟಾವು." ಬೈಸಿಕೊಂಡರು, ಒಬ್ಬ ಅತ್ತೆಯಂತೂ ಬಿಳಿ ಕೋಟಿಗೇ ಶಾಪ ಹಾಕಿದಳು. ಬೈದವರನ್ನೇ ಬೀಜ ಎಷ್ಟು ಬೇಕೆಂದು ಕೇಳಿ, ತವರಿಗೆ ಹೋಗಿ, ತಂದೆ ಫಕ್ಕೀರಪ್ಪ ಬೂದಿ ಬೆರೆಸಿ ಗಡಿಗೆಗಳಲ್ಲಿ ಕಾಪಿಟ್ಟಿದ್ದ ಜೋಳವನ್ನು ಚೀಲ ತುಂಬಿಸಿ ತಂದರು.

ಹೂವಪ್ಪನ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಅವನು ಹಾರೆ ಹಿಡಿದಿದ್ದ. ಭರಮವ್ವ ಒಲೆಗೆ ಬೆನ್ನು ಕೊಟ್ಟು ಕೂತಿದ್ದಳು. "ಮೊದಲ ನನ್ನ ಕಣ್ಣಿಗೆ ಹಾರಿ ಹಾಕ್ರಿ, ಆಮ್ಯಾಲೆ ಒಲಿಗೆ" ಎಂದಳು. ಮಂಜವ್ವ ಇಬ್ಬರ ನಡುವೆ ಬಂದು, ಅಕ್ಕೋರ ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. "ಇವು ಹುಟ್ತಾವೋ ಇಲ್ಲೋ ನೋಡೂಣಪ್ಪ. ಹುಟ್ಟಿದ್ರ ಮುಂದಿನ ವರ್ಷ ನಮ್ಮ ಬೀಜಾನೂ ಬೂದ್ಯಾಗ ಇಡೂಣು. ಒಲಿ ಇರಲಿ."

ಕಾಳು ಕಾಳೂ ಮೊಳೆಯಿತು. ಹೂವಪ್ಪ ತಾನೇ ಆ ಬಟ್ಟೆಯನ್ನು ಬಿಚ್ಚಿ ನೋಡಿದನಂತೆ. ಆಮೇಲೆ ಹಾರೆಯನ್ನು ಮೂಲೆಗಿಟ್ಟು, ಬಿತ್ತುವ ಕೂರಿಗೆ ಹೊರಗೆ ತೆಗೆದನಂತೆ.

ಬಿತ್ತನೆ ಮುಗಿಸಿ, ಮಗಳ ಟ್ರಂಕು ಹೊತ್ತು ಅವನೇ ಹಾನಗಲ್ಲಿನ ಬಸ್ ಸ್ಟ್ಯಾಂಡಿಗೆ ಬಂದ. ಊರಿನವನೊಬ್ಬ, "ಏನ್ ಹೂವಪ್ಪ, ಮಗಳು ಅಡಿಗಿ ಸಾಲಿಗೆ ಹೊಂಟಾಳೇನು?" ಎಂದು ಕೆಣಕಿದ.

"ಅಡಿಗಿ ಅಲ್ಲೋ. ಮನಿ ಹೆಂಗ ನಡೀತತಿ ಅಂತ ಓದಾಕ ಹೊಂಟಾಳ. ಹುಟ್ಟಿದಾಗಿಂದ ಮನ್ಯಾಗ ಅದೇನಿ, ನನಗ ಅದು ಗೊತ್ತಿದ್ದಿಲ್ಲ."

ಅಕ್ಕೋರು ಅಲ್ಲೇ ನಿಂತಿದ್ದರು, ಬಿಳಿ ಕೋಟಿನಲ್ಲಿ. ಕಣ್ಣು ಕೆಂಪಾಗಿತ್ತು, ಅದಕ್ಕೆ ಯಾವ ಒಲೆಯೂ ಕಾರಣವಾಗಿರಲಿಲ್ಲ.

ಜಗತ್ತಿನಲ್ಲಿ ಕಲಿಸುವವರಿಗೆ ಕೊರತೆಯಿಲ್ಲ. ನಾನೂ ನಿವೃತ್ತನಾಗುವವರೆಗೆ ಕಲಿಸಿದವನೇ. ಆದರೆ ಕಲಿಸಿದ್ದು ಆ ಮನೆಯಲ್ಲಿ ಏನಾಯಿತೆಂದು ಹೊಳ್ಳಿ ಹೋಗಿ ನೋಡುವವರು, ಕೆಟ್ಟಿದ್ದರೆ ಚೀಲ ಹೊತ್ತು ಬರುವವರು ಅಪರೂಪದ ಜಾತಿ. ಅಂಥವರು ಕಾಲಿಟ್ಟ ಮನೆಯಲ್ಲಿ ಒಲೆಯೂ ಉಳಿಯುತ್ತದೆ, ಬೀಜವೂ ಉಳಿಯುತ್ತದೆ, ಮಗಳು ಓದಲು ಹೊರಡುತ್ತಾಳೆ.