ಹನ್ನೊಂದರೊಳಗೆ ಬೋಣಿ

ಚಾಮರಾಜಪೇಟೆಯಲ್ಲಿ, ಅದರಲ್ಲೂ ತಮ್ಮ ಬೀದಿಯಲ್ಲಿ, ದೈವಭಕ್ತಿ ಇದ್ದಕ್ಕಿದ್ದಂತೆ ಹೆಚ್ಚಿಬಿಟ್ಟಿದೆ ಎಂದು ಮಲ್ಲಿಕಾರ್ಜುನಯ್ಯನವರು ನಂಬಿದ್ದರು. ಇಲ್ಲದಿದ್ದರೆ ಜನ ಇಷ್ಟೊಂದು ಕರ್ಪೂರ ಯಾಕೆ ಕೊಳ್ಳಬೇಕು? ಸಕ್ಕರೆ ಕೇಳುವವರಿಲ್ಲ, ಸೋಪು ಕೇಳುವವರಿಲ್ಲ. ದಿನಾ ಬೆಳಿಗ್ಗೆ ಒಬ್ಬರು ಬಂದು ಒಂದು ಸಣ್ಣ ಪೊಟ್ಟಣ ಕರ್ಪೂರ ತೆಗೆದುಕೊಂಡು ಹೋಗುತ್ತಿದ್ದರು. ಅಷ್ಟಕ್ಕೇ ಹುರುಪುಗೊಂಡು ಇನ್ನೆರಡು ಡಬ್ಬ ಕರ್ಪೂರ ತರಿಸಿಟ್ಟ ಮಹಾನುಭಾವರು ಅವರು.

ತಂದೆ ವಿಶ್ವಾರಾಧ್ಯರ ಕಾಲದಲ್ಲಿ ಅದು ದಿನಸಿ ಅಂಗಡಿ. ಮಗ ಮರದ ಕೌಂಟರ್ ಕೀಳಿಸಿ, ಸಾಲಾಗಿ ಷೆಲ್ಫ್ ನಿಲ್ಲಿಸಿ, ಬಾಗಿಲ ಬಳಿ ಪ್ಲಾಸ್ಟಿಕ್ ಬುಟ್ಟಿಗಳನ್ನು ಪೇರಿಸಿ, 'ವಿಶ್ವಾರಾಧ್ಯ ಸೂಪರ್ ಮಾರ್ಕೆಟ್' ಎಂದು ಬೋರ್ಡು ಬರೆಸಿದ್ದರು. ಆಗ ಸಂಜೆ ಹೊತ್ತು ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಎಲ್ಲರೂ ಫೋನಿನಲ್ಲಿ ಒತ್ತುತ್ತಾರೆ, ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಸಾಸಿವೆ ಬಾಗಿಲಿಗೆ ಬರುತ್ತದೆ. ಬೀದಿಯಲ್ಲಿದ್ದ ಇಂಥ ನಾಲ್ಕು ಅಂಗಡಿಗಳಲ್ಲಿ ಮೂರು ಮುಚ್ಚಿದ್ದವು. ಇವರಲ್ಲೂ ತೊಗರಿಬೇಳೆಗೆ ಹುಳ ಬಿದ್ದು, ಬೇಳೆಯ ಷೆಲ್ಫನ್ನು ಮೂರು ತಿಂಗಳಿಂದ ಖಾಲಿ ಬಿಟ್ಟಿದ್ದರು.

ಆದರೂ ಬೋಣಿ ವಿಷಯದಲ್ಲಿ ಅವರದು ಹಳೇ ಶಿಸ್ತು. ದಿನದ ಮೊದಲ ವ್ಯಾಪಾರ ಕೈಯಲ್ಲಿ ಹಿಡಿಯುವ ದುಡ್ಡಿನಲ್ಲೇ ಆಗಬೇಕು. ಆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಬಸವಣ್ಣನ ಪಟದ ಮುಂದಿಟ್ಟ ಮೇಲಷ್ಟೇ ಅಂಗಡಿ ತೆರೆದ ಹಾಗೆ. ಬೋಣಿಗೆ ಫೋನ್ ಹಿಡಿದು ಬಂದವರನ್ನು ಅವರು ಮುಲಾಜಿಲ್ಲದೆ ವಾಪಸು ಕಳಿಸಿದ್ದುಂಟು. ಗಿರಾಕಿ ಇಲ್ಲದಿದ್ದರೂ ಗತ್ತಿಗೆ ಕಡಿಮೆ ಇರಲಿಲ್ಲ.

ಆಷಾಢದಲ್ಲಿ ಒಂದು ದಿನ ಮಧ್ಯಾಹ್ನ ಎರಡಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಆ ಸಂಜೆ ಮನೆಯಲ್ಲಿ ಅವರು ತಟ್ಟೆ ಮುಂದೆ ಕೂತು ಸಿಡುಕಿದರು. "ಇನ್ಮೇಲೆ ಯಾವತ್ತು ಹನ್ನೊಂದರೊಳಗೆ ಬೋಣಿ ಆಗಲ್ವೋ, ಅವತ್ತೇ ಷಟರ್ ಎಳೆದು ಬೀಗ ಹಾಕ್ಬಿಡ್ತೀನಿ. ಶಿವನಾಣೆಗೂ!" ಹೆಂಡತಿ ವಿಶಾಲಾಕ್ಷಮ್ಮ ಮಜ್ಜಿಗೆ ಬಡಿಸಿದರು.

ಮಾರನೇ ದಿನದಿಂದ ಬೋಣಿ ತಪ್ಪಲೇ ಇಲ್ಲ. ಜಡಿಮಳೆ ಹೊಡೆದ ಮಂಗಳವಾರವೂ ಯಾರೋ ಕೊಡೆ ಹಿಡಿದು ಬಂದು ಕರ್ಪೂರ ಒಯ್ದರು. ಆಮೇಲೆ ಸಂಜೆವರೆಗೂ ನೊಣ ಹೊಡೆಯುವ ಕೆಲಸ. ಇದೇನು ಲೆಕ್ಕ ಎಂದು ಅವರಿಗೆ ಅರ್ಥವಾಗಲಿಲ್ಲ. ಅಂಗಡಿ ಬದುಕಿದೆಯೋ ಸತ್ತಿದೆಯೋ? ಮುಚ್ಚಬೇಡ ಎಂದು ಶಿವನೇ ಹೇಳುತ್ತಿದ್ದಾನೋ? ಹಾಗಿದ್ದರೆ ಹತ್ತೂವರೆಗೆ ಒಬ್ಬರನ್ನು ಕಳಿಸುವ ಶಿವ ಹನ್ನೆರಡಕ್ಕೆ ಇನ್ನೊಬ್ಬರನ್ನು ಯಾಕೆ ಕಳಿಸುವುದಿಲ್ಲ? ದಿನಾ ಹನ್ನೊಂದಕ್ಕೆ ಸರಿಯಾಗಿ ಹೆಂಡತಿಯ ಫೋನ್ ಬರುತ್ತಿತ್ತು. "ಬೋಣಿ ಆಯ್ತಾ?" "ಆಯ್ತು." ಪಾಪ, ಅವಳಿಗೂ ಅಂಗಡಿದೇ ಯೋಚನೆ ಎಂದುಕೊಳ್ಳುತ್ತಿದ್ದರು.

ಈ ಗೊಂದಲದ ನಡುವೆ ಪ್ರಸನ್ನ ಎಂಬ ಹಲ್ಲಿನ ಡಾಕ್ಟರು ಬೇರೆ ಗಂಟುಬಿದ್ದಿದ್ದರು. ಕ್ಲಿನಿಕ್ಕಿಗೆ ಇದೇ ಜಾಗ ಬೇಕಂತೆ, ಬಾಡಿಗೆಯೂ ಚೆನ್ನಾಗಿತ್ತು. "ಶುಕ್ರವಾರದೊಳಗೆ ಹೇಳ್ಬಿಡಿ ಸಾರ್. ಆಮೇಲೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ," ಎಂದಿದ್ದರು. ಅರವತ್ತಾರರ ವಯಸ್ಸಿನಲ್ಲಿ ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂಬುದು ಮಲ್ಲಿಕಾರ್ಜುನಯ್ಯನವರಿಗೂ ಗೊತ್ತಿತ್ತು. ಆದರೆ ಬೋಣಿ ಆಗುತ್ತಿರುವ ಅಂಗಡಿಯನ್ನು ಮುಚ್ಚುವುದು ಹೇಗೆ?

ಗುರುವಾರ ಬೋಣಿಗೆ ಬಂದವರು ಹಿಂದಿನ ಬೀದಿಯ ಅಂಬುಜಮ್ಮ, ನಿವೃತ್ತ ಟೀಚರು. ಕರ್ಪೂರ ತೆಗೆದುಕೊಂಡು ಕನ್ನಡಕ ಮರೆತು ಹೋದರು. ಹೇಗೂ ಗಿರಾಕಿ ಇಲ್ಲವಲ್ಲ, ಮಲ್ಲಿಕಾರ್ಜುನಯ್ಯನವರೇ ಅದನ್ನು ಕೊಡಲು ಅವರ ಮನೆಗೆ ಹೋದರು.

ಬಾಗಿಲಲ್ಲೇ ಒಂದು ಕಂದು ಕಾಗದದ ಚೀಲ ಕೂತಿತ್ತು. ಫೋನಿನಲ್ಲಿ ತರಿಸಿದ್ದು, ಆಗಷ್ಟೇ ಯಾರೋ ಇಟ್ಟುಹೋದದ್ದು. ಒಳಗಿನಿಂದ ಎಣ್ಣೆ, ಸಕ್ಕರೆ, ಸೋಪು ಇಣುಕುತ್ತಿದ್ದವು. ಎಲ್ಲವೂ ಅವರ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಸಾಮಾನುಗಳೇ. ತಲೆ ಎತ್ತಿದರೆ ದೇವರ ಗೂಡಿನ ಕೆಳಗಿನ ಹಲಗೆ ಕಂಡಿತು. ಅಲ್ಲಿ ಒಡೆಯದ ಕರ್ಪೂರದ ಪೊಟ್ಟಣಗಳು ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲಿ ಗೋಡೆಗೆ ಅಂಟಿಸಿದ ಚೀಟಿ. ಸೋಮವಾರದಿಂದ ಭಾನುವಾರದವರೆಗೆ, ಒಂದೊಂದು ವಾರದ ಮುಂದೆ ಒಂದೊಂದು ಹೆಸರು. ಗುರುವಾರ ಅಂಬುಜಮ್ಮ, ಶುಕ್ರವಾರ ಯಶಶ್ರೀ. ಆ ದುಂಡನೆಯ ಅಕ್ಷರಗಳನ್ನು ಅವರು ಮೂವತ್ತೆಂಟು ವರ್ಷಗಳಿಂದ ನೋಡುತ್ತಾ ಬಂದಿದ್ದರು. ವಿಶಾಲಾಕ್ಷಮ್ಮನ ಕೈಬರಹ.

ಒಳಗಿನಿಂದ ಬಂದ ಅಂಬುಜಮ್ಮ ಪೆಚ್ಚಾಗಿ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ತಪ್ಪು ತಿಳ್ಕೋಬೇಡಿ ಮಲ್ಲಿಕಾರ್ಜುನಯ್ಯನವರೇ. ಅಂಗಡಿ ಮುಚ್ಚಿದ್ರೆ ನೀವು ಹಾಸಿಗೆ ಹಿಡೀತೀರಿ ಅಂತ ವಿಶಾಲಾಕ್ಷಿ ಅತ್ಕೊಂಡ್ಲು. ಅದಕ್ಕೆ ನಾವು ಏಳು ಜನ ಸೇರ್ಕೊಂಡು..."

"ಇದನ್ನೂ ನನ್ನ ಹತ್ರನೇ ತಗೋಬಹುದಿತ್ತಲ್ಲಮ್ಮ," ಎಂದು ಅವರು ಚೀಲ ತೋರಿಸಿದರು.

ಅಂಬುಜಮ್ಮ ನಿಜವಾಗಿಯೂ ಯೋಚಿಸಿದರು. "ಅಯ್ಯೋ, ಹೌದಲ್ವಾ," ಎಂದರು. "ಅದು ಹೊಳೀಲೇ ಇಲ್ಲ ನೋಡಿ."

ಸಿಟ್ಟು ಮಾಡಬೇಕೋ ಕೈ ಮುಗಿಯಬೇಕೋ ತಿಳಿಯದೆ ಅವರು ಹೊರಬಂದರು. ಏಳು ಮನೆಯವರಿಗೆ ತಮ್ಮ ಮೇಲೆ ಇಷ್ಟು ಪ್ರೀತಿ ಇದೆ, ತಮ್ಮ ಅಂಗಡಿಯ ಸಕ್ಕರೆ ಮಾತ್ರ ಬೇಡ. ಇದನ್ನು ಯಾವ ತಕ್ಕಡಿಯಲ್ಲಿ ತೂಗುವುದು? ರಾತ್ರಿ ಹೆಂಡತಿಯ ಹತ್ತಿರ ಉಸಿರೆತ್ತಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಎದುರು ಮನೆಯ ಯಶಶ್ರೀ ಬ್ಯಾಂಕಿಗೆ ಹೊರಟವಳು ಓಡಿಬಂದಳು. ಕರ್ಪೂರ ಎತ್ತಿಕೊಂಡು, ಬೆವರಿದ ಅಂಗೈ ಬಿಡಿಸಿ ನಾಣ್ಯ ಚಾಚಿದಳು. ಫೋನಿನಲ್ಲೇ ಎಲ್ಲ ಮುಗಿಸುವ ಹುಡುಗಿ, ಇದಕ್ಕೆಂದೇ ನಾಣ್ಯ ಹೊಂದಿಸಿಕೊಂಡಿದ್ದಳು. ಮಲ್ಲಿಕಾರ್ಜುನಯ್ಯನವರು ನಾಣ್ಯದ ಮೇಲೆ ಅವಳ ಬೆರಳುಗಳನ್ನು ತಾವೇ ಮಡಚಿದರು.

"ದುಡ್ಡು ಬೇಡ ಕಣಮ್ಮ. ಕರ್ಪೂರ ತಗೊಂಡ್ಹೋಗು."

"ಅಂಕಲ್, ಆದ್ರೆ ಬೋಣಿ..."

"ಬಸ್ಸು ತಪ್ಪಿಹೋಗುತ್ತೆ, ಹೊರಡು."

ಗಡಿಯಾರ ನೋಡುತ್ತಾ ಕೂತರು. ಬೇರೆ ಯಾರೂ ಬರಲಿಲ್ಲ. ಹನ್ನೊಂದಕ್ಕೆ ಫೋನ್ ಬಂತು.

"ಬೋಣಿ ಆಯ್ತಾ?"

"ಇಲ್ಲ."

"ಇಲ್ವಾ? ಇವತ್ತು ಯಶಶ್ರೀ..." ವಿಶಾಲಾಕ್ಷಮ್ಮ ನಾಲಿಗೆ ಕಚ್ಚಿಕೊಂಡರು.

"ಬಂದಿದ್ಲು. ನಾನೇ ದುಡ್ಡು ಇಸ್ಕೊಳ್ಲಿಲ್ಲ. ಚೀಟಿ ನೋಡ್ದೆ ಕಣೇ."

ಆ ಕಡೆ ಒಲೆ ಹೊತ್ತಿಸಿದ ಸದ್ದು ಕೇಳಿತು. ಆಮೇಲೆ, "ಮನೆಗೆ ಬನ್ನಿ. ಬಿಸಿಯಾಗಿ ಊಟ ಮಾಡುವಿರಂತೆ," ಎಂದರು.

ಪ್ರಸನ್ನ ಡಾಕ್ಟರಿಗೆ ಹೂಂ ಎಂದು ಹೇಳಿ ಷಟರ್ ಎಳೆದು ಬೀಗ ಹಾಕಿದರು. ದುಃಖವಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ಅದೂ ಅವರಿಗೆ ಅರ್ಥವಾಗಲಿಲ್ಲ.

ಎಷ್ಟೋ ವರ್ಷಗಳಿಂದ ಮಧ್ಯಾಹ್ನದ ಊಟವೆಂದರೆ ಅಂಗಡಿಯಲ್ಲಿ ಡಬ್ಬಿಯ ಆರಿದ ಅನ್ನ. ಇವತ್ತು ಹಬೆಯಾಡುವ ಅನ್ನದ ಮೇಲೆ ವಿಶಾಲಾಕ್ಷಮ್ಮ ಗಟ್ಟಿ ಬೇಳೆಸಾರು ಹಾಕಿದರು. ಎರಡು ತುತ್ತು ರುಚಿಯಾಗಿತ್ತು. ಮೂರನೆಯದಕ್ಕೆ ಕೈ ನಿಂತಿತು. ಮನೆಯ ದಿನಸಿ ತಿಂಗಳು ತಿಂಗಳೂ ಬರುತ್ತಿದ್ದದ್ದು ಅವರ ಅಂಗಡಿಯಿಂದಲೇ, ಅವರ ಸ್ಕೂಟರಿನಲ್ಲೇ. ಮೂರು ತಿಂಗಳಿಂದ ಅವರು ಬೇಳೆ ತಂದಿರಲಿಲ್ಲ. ಆದರೆ ಒಂದು ದಿನವೂ ಡಬ್ಬಿಯಲ್ಲಿ ಸಾರು ತಪ್ಪಿರಲಿಲ್ಲ.

"ವಿಶಾಲೂ, ಈ ಬೇಳೆ ಎಲ್ಲೀದು?"

ಅಡುಗೆಮನೆಯ ಕಟ್ಟೆಯ ಮೇಲಿದ್ದ ಫೋನಿನ ಕಡೆ ವಿಶಾಲಾಕ್ಷಮ್ಮನ ಕಣ್ಣು ಹೋಗಿ ಬಂತು. ಸೌಟು ಕೈಯಲ್ಲೇ ಇತ್ತು.

"ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೇಳಿದರು.