ಸೋಮವಾರದ ಪಾಲು

ಒಂದು ಪಟ್ಟಣವಂತೆ. ಆ ಪಟ್ಟಣದಲ್ಲಿ ಒಬ್ಬ ಅಜ್ಜಿಯಂತೆ. ಆ ಅಜ್ಜಿ ಸೋಮವಾರ ರಾತ್ರಿ ಉಣ್ಣುತ್ತಿರಲಿಲ್ಲವಂತೆ. ಸರ್ವಮಂಗಳಮ್ಮನ ಕತೆ ಹೀಗೇ ಶುರುವಾಗಬೇಕೆಂದು ಮೊಮ್ಮಗಳು ತೇಜಶ್ರೀ ಅಂದುಕೊಳ್ಳುತ್ತಿರುವಾಗಲೇ, ಚೆನ್ನೈ ತಾಂಬರಂನ ಮನೆಯ ನಡುಕೋಣೆಯಲ್ಲಿ ನಾಲ್ಕು ಜನ ಅಜ್ಜಿಯ ದೇಹವನ್ನೆತ್ತಿ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಬೆಳಗಿನ ಜಾವ ಉಸಿರು ನಿಂತಿತ್ತು. ತೇಜಶ್ರೀ ಅಜ್ಜಿಯ ಹಣೆಗೆ ವಿಭೂತಿ ಬಳಿದಳು.

ಕಾಯಿಲೆ ನೋಡಲೆಂದು ತುಮಕೂರಿನಿಂದ ಬಂದಿದ್ದ ಅಜ್ಜಿಯ ನಾದಿನಿ ಅನಸೂಯಮ್ಮ ಕಣ್ಣೊರೆಸಿಕೊಂಡರು. "ಅರವತ್ತು ವರ್ಷ ಶಿವನ ಸೋಮವಾರ ಹಿಡಿದೋಳು. ಸೋಮವಾರವೇ ಅವನ ಪಾದ ಸೇರಿದ್ಲು ನೋಡು."

"ಅದು ಶಿವನಿಗಲ್ಲ ಚಿಕ್ಕಜ್ಜಿ, ಶಾಸ್ತ್ರಿಗಳಿಗೆ."

"ನಮಗೆ ಜಂಗಮರಿರುವಾಗ ಶಾಸ್ತ್ರಿಗಳ್ಯಾಕೆ ಬಂದ್ರು?"

"ಪ್ರಧಾನಿ ಆಗಿದ್ರಲ್ಲ, ಆ ಶಾಸ್ತ್ರಿಗಳು."

*

ಸಾವಿರದ ಒಂಬೈನೂರ ಅರವತ್ತೈದು. ಸರ್ವಮಂಗಳಮ್ಮ ಮದುವೆಯಾಗಿ ಮದರಾಸಿಗೆ ಬಂದು ವರ್ಷ ತುಂಬಿರಲಿಲ್ಲ. ದೇಶದಲ್ಲಿ ದವಸಕ್ಕೆ ಬರ. ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟ ಬಿಡಿ ಎಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೇಳಿಕೊಂಡರು. ಸೋಮವಾರ ರಾತ್ರಿ ಸೊಸೆ ಎಲೆಯ ಮುಂದೆ ಕೂರದಿದ್ದಾಗ, ಶಿವಭಕ್ತೆ ಸಿಕ್ಕಳೆಂದು ಅತ್ತೆ ಕೇರಿಗೆಲ್ಲ ಸಾರಿದರು. ಇವಳು ತಿದ್ದಲು ಹೋಗಲಿಲ್ಲ. ಮರುವರ್ಷ ಜನವರಿಯಲ್ಲಿ ರೇಡಿಯೊ ಶಾಸ್ತ್ರಿಯವರ ಸಾವಿನ ಸುದ್ದಿ ಹೇಳಿತು. ಊರು ಮೆಲ್ಲಗೆ ಸೋಮವಾರಗಳನ್ನು ಮರೆಯಿತು. ನೀನ್ಯಾಕೆ ನಿಲ್ಲಿಸಲಿಲ್ಲ ಎಂದು ತೇಜಶ್ರೀ ಚಿಕ್ಕವಳಿದ್ದಾಗ ಕೇಳಿದ್ದಳು.

"ಬಿಡಿ ಅಂದೋರು ಹೋಗ್ಬಿಟ್ರು ಮಗಾ. ಇನ್ನು ಸಾಕು, ಉಣ್ಣಿ ಅನ್ನೋರು ಯಾರು?"

ಈಚಿನ ವರ್ಷಗಳಲ್ಲಿ ಬಿಟ್ಟ ಊಟ ಡಬ್ಬಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿತ್ತು, ಅಲ್ಲಿ ಮಲ್ಲಿಗೆ ಕಟ್ಟಿ ಮಾರುವ ಸರಸಳಿಗೆ. ಮೊನ್ನೆ ಗುರುವಾರ ಆಸ್ಪತ್ರೆಯಲ್ಲಿ, ತಾನಿಲ್ಲದಿದ್ದರೂ ಈ ಸೋಮವಾರ ತಪ್ಪಬಾರದೆಂದು ಅಜ್ಜಿ ಮೊಮ್ಮಗಳಿಂದ ಮಾತು ತೆಗೆದುಕೊಂಡಿದ್ದಳು.

*

ಮಣ್ಣು ಮಾಡಿ ಬಂದಾಗ ಸಂಜೆ ಐದೂವರೆ. ಸಾವಿನ ಮನೆ, ಒಲೆ ಹಚ್ಚುವಂತಿಲ್ಲ. ಪೆರುಂಗುಡಿಯ ನೆಂಟರು ಚಿತ್ರಾನ್ನ, ಮೊಸರನ್ನ ತಂದಿದ್ದರು, ಇದ್ದಷ್ಟು ಜನಕ್ಕೆ ಸರಿಯಾಗುವಷ್ಟು. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ. ಮಗಳು ಡಬ್ಬಿ ಹಿಡಿದು ನಿಂತದ್ದನ್ನು ಕಂಡು ಅಪ್ಪ ಸಿದ್ಧಲಿಂಗೇಶ್, ಫೋನಿನಲ್ಲೇ ಒಂದು ಪಾರ್ಸೆಲ್ ಹೇಳಿದರಾಯಿತಲ್ಲ ಎಂದರು.

"ಅದು ಕೊಂಡ ಊಟ ಆಗುತ್ತೆ ಅಪ್ಪ. ಬಿಟ್ಟ ಊಟ ಆಗಲ್ಲ."

ತನ್ನ ಪಾಲನ್ನು ಅವಳು ಡಬ್ಬಿಗೆ ಸುರಿದಳು. ಅರ್ಧವಷ್ಟೇ ತುಂಬಿತು. ಸಾವಿನ ಮನೆಯಿಂದ ಬಂದ ಅನ್ನ ಯಾರು ಮುಟ್ಟುತ್ತಾರೆಂದು ಅನಸೂಯಮ್ಮ ಗೊಣಗಿದರು. ಸಿದ್ಧಲಿಂಗೇಶ್ ಇನ್ನೂ ಕೈಯಿಡದ ತಮ್ಮ ತಟ್ಟೆಯನ್ನು ಮಗಳ ಕಡೆಗೆ ಸರಿಸಿದರು.

"ತಗೋ. ಅಮ್ಮ ಯಾವತ್ತೂ ಅರ್ಧ ಡಬ್ಬಿ ಕಳಿಸಿದೋಳಲ್ಲ."

ಸ್ಟೇಷನ್ನಿನ ಮೆಟ್ಟಿಲ ಬಳಿ ಸರಸ ದಾರಿ ನೋಡುತ್ತಿದ್ದಳು. ಪಾಟ್ಟಿ, ಅಂದರೆ ಅಜ್ಜಿ, ಯಾಕೆ ಬರಲಿಲ್ಲ, ಮಂಡಿ ನೋವಾ ಎಂದು ತಮಿಳಿನಲ್ಲಿ ಕೇಳಿದಳು. ಅಜ್ಜಿ ಹೋದದ್ದನ್ನು ಊಟ ಮುಗಿಯುವ ತನಕ ಹೇಳಬಾರದೆಂದು ತೇಜಶ್ರೀ ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದಳು.

"ಮೊದಲ್ಲ ಸಾಪ್ಪಿಡುಂಗ ಅಕ್ಕಾ," ಮೊದಲು ಊಟ ಮಾಡಿ ಎಂದು ಮುಚ್ಚಳ ತೆಗೆದುಕೊಟ್ಟು, ಹಸಿದ ಹೊಟ್ಟೆಯಲ್ಲಿ ಪಕ್ಕದ ಮೆಟ್ಟಿಲಲ್ಲಿ ಕೂತಳು.

ಬೀಚ್ ಸ್ಟೇಷನ್ನಿನ ಕಡೆಗೆ ಎರಡು ಲೋಕಲ್ ರೈಲು ಹೋದವು. ಸರಸ ಡಬ್ಬಿಯ ತಳಕ್ಕಂಟಿದ್ದ ಕೊನೆಯ ಅಗುಳನ್ನು ಬೆರಳಲ್ಲಿ ಬಿಡಿಸಿ ಬಾಯಿಗಿಟ್ಟುಕೊಂಡಳು.