ಹದಕ್ಕೆ ಬಾರದ ತೊಗಲು

ಅಡಿವೆವ್ವ ಕೊಡ, ಹಂಡೆ, ಬಕೀಟು ಒಂದನ್ನೂ ಬಿಡದೆ ನೀರೆಲ್ಲ ಬಚ್ಚಲಿಗೆ ಸುರಿದು, ಹಿತ್ತಲಿನ ನೀಲಿ ಡ್ರಮ್ಮನ್ನೂ ಬೋರಲು ಹಾಕಿದಳು. ಸಾವಾದ ಮನೆಯಲ್ಲಿ ಹಿಂದಿನ ದಿನದ ನೀರು ನಿಲ್ಲಬಾರದೆಂಬುದು ಅವಳ ಕಡೆಯ ಪದ್ಧತಿ. ಮಗ್ಗದ ಮನೆಯ ಆ ಹೆಂಗಸು ಗೋಡೆಗೆ ಗೋಡೆ ಹಚ್ಚಿದ ನೆರೆಯವಳು. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವಳಿಗೆ ಖಾತ್ರಿಯಿತ್ತು. ಡ್ರಮ್ಮಿನ ನೀರಿನ ಜೊತೆ ಟಗರಿನ ತೊಗಲೊಂದು ದೊಪ್ಪನೆ ಬಿತ್ತು. ಅದನ್ನು ಹಿಂಡಿ ಹಿತ್ತಲ ಗೋಡೆಯ ಮೇಲೆ ಹರವಿದಳು. ಅರ್ಧ ಆಚೆಯ ಬಿಸಿಲಿಗೆ ಬಿತ್ತು, ಅರ್ಧ ಈಚೆಯ ನೆರಳಿಗೆ.

ಗಂಡನ ಹೆಣದ ತಲೆಯ ಬಳಿ ಕೂತಿದ್ದ ಖಾಜಾಬಿಗೆ ಹಿತ್ತಲ ಬಾಗಿಲಿನಿಂದ ಇದೆಲ್ಲ ಕಂಡಿತು.

"ಅಡಿವೆವ್ವಾ, ಅದನ್ನ ಬಿಸಲಿಗೆ ಹಾಕಬ್ಯಾಡ! ನೆರಳಿಗೆ ತಾ!"

"ಈಗ ಆ ತೊಗಲಿನ ಚಿಂತಿ ಯಾಕ ಯವ್ವಾ ನಿನಗ? ಸುಮ್ನ ಕುಂದರು," ಎಂದು ಅಡಿವೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಖಾಜಾಬಿ ಮಗ ಸಾಜೀದನನ್ನು ಕರೆದಳು. ಅವನು ಕಿವಿಯ ಹತ್ತಿರ ಬಾಗಿ, "ಅವ್ವಾ, ಮಂದಿ ನೋಡಾಕತ್ತಾರ. ಗಂಡ ಹ್ವಾದದ್ದು ಬಿಟ್ಟು ತೊಗಲಿಗೆ ಒದ್ದಾಡಾಕತ್ತಾಳ ಅಂತಾರ," ಎಂದು ಹೊರಗೆ ನಡೆದ.

ಹೊಳೆಆಲೂರಿನಿಂದ ನಾದಿನಿ ಕಾಶೀಂಬಿ ಬರುವ ತನಕ ಮಣ್ಣು ಮಾಡುವಂತಿರಲಿಲ್ಲ. ಅವಳು ಹತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಬಿಸಿಲು ಮಾತ್ರ ಎಲ್ಲೂ ನಿಲ್ಲದೆ ಏರಿತು. ಖಾಜಾಬಿ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ಗೋಡೆ ನೋಡಿದಳು. ಎದ್ದು ಹೋಗಲು ಮಂದಿ ಬಿಡುವಂತಿರಲಿಲ್ಲ.

\*

ಮದರಸಾಬ ಗಾದಿ ಹಾಕುವವನು. ಗಜೇಂದ್ರಗಡದಲ್ಲಿ ಅವನು ಹಿಂಜಿದ ಹತ್ತಿಯ ಮೇಲೆ ಮಲಗದ ಮದುಮಕ್ಕಳು ಕಡಿಮೆ. ಊರಿಗೆಲ್ಲ ಮೆತ್ತಗೆ ಮಾಡಿಕೊಟ್ಟ ಈ ಮಹಾರಾಯನ ಮನೆಯಲ್ಲೇ ಹೆಂಡತಿ ನೆಲದ ಫರಸಿಕಲ್ಲಿನ ಮೇಲೆ ನಮಾಜು ಮಾಡಿ ಮಾಡಿ ಮೊಣಕಾಲು ಹಿಡಿಸಿಕೊಂಡಿದ್ದಳು. ಅದಕ್ಕೊಂದು ಹಾಸು ಮಾಡಿಕೊಡಬೇಕೆಂದು ಅವನ ತಲೆಗೆ ಹೊಕ್ಕಿತು. ಹತ್ತಿಯದಲ್ಲ, ಬಕ್ರೀದಿಗೆ ಕೊಯ್ದ ಟಗರಿನ, ಕೂದಲು ಉಳಿಸಿಕೊಂಡು ಹದ ಮಾಡಿದ ತೊಗಲಿನದು.

"ಗಾದಿ ಹಾಕಾವ್ರು ನೀವು. ಸಣ್ಣದೊಂದು ಹತ್ತೀದು ಹೊಲದು ಕೊಡ್ರಿ, ಸಾಕು," ಎಂದು ಅವಳು ಹೇಳಿದ್ದುಂಟು.

"ಹತ್ತಿ ವರ್ಷದಾಗ ಕುಂತುಬಿಡತೈತಿ. ತೊಗಲು ನಿನ್ನ ಜಲ್ಮ ಪೂರಾ ಬರತೈತಿ, ನೋಡ."

ಜನ್ಮ ಪೂರ್ತಿ ಹಾಳಾಗಲಿ, ಮುಂದಿನ ಬಕ್ರೀದಿನವರೆಗೂ ಒಂದೂ ಬರಲಿಲ್ಲ. ಒಂದರ ಕೂದಲು ಉದುರಿ ಬೋಳಾಯಿತು. ಒಂದನ್ನು ನಾಯಿ ಎಳೆದೊಯ್ಯಿತು. ಮತ್ತೊಂದು ಒಣಗಿ ಕದದಷ್ಟು ಗಟ್ಟಿಯಾಯಿತು. ಪ್ರತಿಸಲ ಮನೆ ತುಂಬ ನಾತ, ಓಣಿ ತುಂಬ ನಗೆ. ತೊಗಲು ಆರುತ್ತ ಬರುವಾಗ ಅದನ್ನು ಕಂಬಕ್ಕೆ ಸುತ್ತಿ, ಇಬ್ಬರು ಎರಡೂ ತುದಿ ಹಿಡಿದು ಮಜ್ಜಿಗೆ ಕಡೆಯುವಂತೆ ಎಳೆಯಬೇಕು, ಇಲ್ಲದಿದ್ದರೆ ಹಲಗೆಯಾಗುತ್ತದೆ. "ಒಂದು ಕಡಿ ಹಿಡಿ ಬಾ ಖಾಜಾಬಿ," ಎಂದು ಅವನು ಕರೆಯುತ್ತಿದ್ದ. ಅವಳು ಮೂಗಿಗೆ ಸೆರಗು ಹಿಡಿದು ಒಳಗೆ ಹೋಗುತ್ತಿದ್ದಳು.

ಈ ಸಲ ಉಪ್ಪು, ಪಟಿಕದ ನೀರಿನಲ್ಲಿ ನೆನೆದ ತೊಗಲಿನ ಕೂದಲು ಎಷ್ಟು ಎಳೆದರೂ ಕಿತ್ತು ಬರಲಿಲ್ಲ. ನಿನ್ನೆ ಸಂಜೆ ಮದರಸಾಬ ಹಿತ್ತಲಲ್ಲಿ ಕುಣಿದಾಡಿದ್ದ. "ನೀನ ಜಗ್ಗಿ ನೋಡ!" ಎಂದು ಅವಳ ಕೈಯನ್ನೂ ಡ್ರಮ್ಮಿನಲ್ಲಿ ಅದ್ದಿಸಿದ್ದ. "ನಾಳೆ ತೆಗೀತೇನಿ. ಈ ಸಲರ ಹಿಡೀತಿಲ್ಲೋ?"

"ನೋಡೂಣಂತ," ಎಂದಿದ್ದಳು.

ಬೆಳಗಿನ ನಮಾಜಿಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

\*

ಅಂತೂ ಕಾಶೀಂಬಿ ಬಂದಳು, ಅಣ್ಣನ ಮೇಲೆ ಬಿದ್ದು ಅತ್ತಳು. ಗಂಡಸರು ಹೆಣ ಹೊತ್ತು ಗುಡ್ಡದ ಕೆಳಗಿನ ಕಬರಸ್ತಾನಕ್ಕೆ ಹೋದರು. ಖಾಜಾಬಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅಡಿವೆವ್ವನ ಮೇಲೆ, ಮಗನ ಮೇಲೆ, ಕೆಟ್ಟ ಬಸ್ಸಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಹೋದವನ ಮೇಲೆ. ಇನ್ನೊಂದು ದಿನ ತಡೆದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಎದ್ದು ನಿಂತಳು.

"ಎಲ್ಲಿಗೆ ಭಾಬಿ? ಗಂಡನ್ನ ಕಳಕೊಂಡಾವ್ರು ಹಿಂಗ ತಿರಗ್ಯಾಡತಾರೇನು?" ಎಂದಳು ಕಾಶೀಂಬಿ.

"ಹಿತ್ತಲ ನನ್ನ ಮನೀದ ಐತಿ."

ತೊಗಲಿನ ಬಿಸಿಲ ಕಡೆಯ ಅರ್ಧ ಬೆರಳಲ್ಲಿ ಬಡಿದರೆ ಸದ್ದಾಗುವಷ್ಟು ಸೆಟೆದಿತ್ತು. ನೆರಳಿನ ಅರ್ಧದಲ್ಲಿ ಇನ್ನೂ ತೇವವಿತ್ತು.

"ನಾನ ಕೆಡಿಸಿದ್ನೇನ?" ಹಿಂದೆ ಬಂದ ಅಡಿವೆವ್ವನ ದನಿ ಸಣ್ಣದಾಯಿತು. "ಮತ್ತ ನೀರಾಗ ಹಾಕೂಣೇನು?"

"ನೀರಿಗೆ ಹಾಕಿದ್ರ ಪಟಿಕ ಬಿಟ್ಟು ಕೂದಲು ಉದರತಾವು. ಅದನ್ನೂ ಒಂದು ಸಲ ಮಾಡಿ ನೋಡ್ಯಾರ, ಪುಣ್ಯಾತ್ಮ." ಖಾಜಾಬಿ ತೊಗಲನ್ನು ಕಂಬಕ್ಕೆ ಸುತ್ತಿದಳು. "ಕೆಡಿಸಿದಿ. ಈಗ ಒಂದು ಕಡಿ ಹಿಡಿ ಬಾ."

ಇಬ್ಬರೂ ಎಳೆದರು. ಮಗ್ಗದಲ್ಲಿ ಪಳಗಿದ ಅಡಿವೆವ್ವನ ಕೈಗೆ ಬಲವಿತ್ತು. ಖಾಜಾಬಿಯ ಕೈಗೆ ಸಿಟ್ಟಿತ್ತು. ಒಂದೊಂದು ಎಳೆತಕ್ಕೂ ಅವಳು ಗಂಡನನ್ನು ಬೈದಳು. "ಹತ್ತೀದು ಮಾಡಿ ಕೊಡ್ರಿ ಅಂದ್ರ ಕೇಳಲಿಲ್ಲ... ಮೈಯಾಗ ಆರಾಮಿಲ್ಲಂತ ಒಂದು ಮಾತು ಹೇಳಲಿಲ್ಲ..." ಬೈಯುತ್ತಲೇ ಅಳು ಬಂತು. ಆದರೂ ಕೈ ಬಿಡಲಿಲ್ಲ. ಒಳಗಿನ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತು ನೋಡಿದರು.

ಮಣ್ಣು ಕೊಟ್ಟು ಬಂದ ಸಾಜೀದ ಹಿತ್ತಲಿಗೆ ಬಂದ. "ಇದೇನವ್ವಾ ಇದು?" ಎಂದು ತೊಗಲು ಮುಟ್ಟಿದ. ಈಚೆಯ ಅರ್ಧ ಹೊಸ ಕಂಬಳಿಯಂತೆ ಮಡಚಿತು. ಆಚೆಯ ಅರ್ಧ ಮಡಚಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಕೇಳಿಸಿತು. ಖಾಜಾಬಿ ಕೈಕಾಲು ತೊಳೆದು ಬಂದು ತೊಗಲನ್ನು ಫರಸಿಯ ಮೇಲೆ ಹಾಸಿದಳು. ನಿಂತು ನೋಡಿದಳು. ಬಾಗಿ, ಅದನ್ನು ತಿರುಗಿಸಿ, ಮೆತ್ತನೆಯ ಅರ್ಧ ಮೊಣಕಾಲಿಗೆ ಬರುವಂತೆ ಇಟ್ಟುಕೊಂಡಳು. ಸಜದಾಕ್ಕೆ ಬಾಗಿದಾಗ ಹಣೆ ಗಟ್ಟಿ ಅರ್ಧಕ್ಕೆ ಬಡಿದು ಟಕ್ಕೆಂದಿತು. ಹಣೆಯನ್ನು ಅಲ್ಲೇ ಒತ್ತಿ ಹಿಡಿದಳು. ಹಿಂದೆ ಕೂತ ಹೆಂಗಸರು ಬಹಳ ಹೊತ್ತು ಕಾದರೂ ಅವಳು ತಲೆ ಎತ್ತಲಿಲ್ಲ.